ಸಿದ್ಧಗಂಗಾ ಗುರುಕುಲ

ತುಮಕೂರು ನಗರದ ಅಂಚಿನಲ್ಲಿರುವ ಕ್ಯಾತ್ಸಂದ್ರದ ಬಳಿ, ಬೆಟ್ಟದ ಬುಡದ ಸಿದ್ಧಗಂಗಾ ಮಠದ ಆಶ್ರಯದಲ್ಲಿ ನಡೆದುಬಂದಿರುವ ಉಚಿತ ಊಟ, ವಸತಿ ಮತ್ತು ವಿದ್ಯೆಯ ವ್ಯವಸ್ಥೆ. ಇದು ವೀರಶೈವ ಲಿಂಗಾಯತ ಪರಂಪರೆಯದು. ಆದರೆ ಇಲ್ಲಿ ಓದುವ ಮಕ್ಕಳು ಎಲ್ಲ ಜಾತಿ, ಮತಗಳವರು. ಪಾಠಶಾಲೆ ಶುರುವಾದದ್ದು 1917ರಲ್ಲಿ. ಅನ್ನದಾಸೋಹ ಅದಕ್ಕಿಂತ ಹಳೆಯದು. ಈ ಸಂಸ್ಥೆಯ ಚರಿತ್ರೆಯನ್ನು ಅಡುಗೆಮನೆಯಿಂದಲೇ ಹೇಳಬೇಕಾಗುತ್ತದೆ. ಇಲ್ಲಿ ಮೊದಲು ಹಾಸಿದ್ದು ಎಲೆ, ಆಮೇಲೆ ಹಿಡಿದದ್ದು ಬಳಪ.

ಹಿನ್ನೆಲೆ ಈಗಿನ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗೆ ಸೇರಿದ್ದು. ಮಠದ ಮೂಲಪುರುಷರೆಂದು ಗೋಸಲ ಸಿದ್ಧೇಶ್ವರರನ್ನು ನೆನೆಯುತ್ತಾರೆ. ಗುಬ್ಬಿಯ ಊರದೇವರು ಗೋಸಲ ಚನ್ನಬಸವೇಶ್ವರ. ಈ ಚನ್ನಬಸವೇಶ್ವರ ಗುರುವಿನ ಶಿಷ್ಯರೇ ತೋಂಟದ ಸಿದ್ಧಲಿಂಗ ಯತಿಗಳು. ಚಾಮರಾಜನಗರದ ಹರದನಹಳ್ಳಿಯಿಂದ ಹೊರಟು, ಕುಣಿಗಲ್ ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತು, ಎಡೆಯೂರಿನಲ್ಲಿ ಐಕ್ಯರಾದವರು. ವಚನಗಳನ್ನು ಓದುವ, ಸಂಪಾದಿಸುವ, ಟೀಕು ಬರೆಯುವ ಕೆಲಸ 15, 16ನೆಯ ಶತಮಾನದಲ್ಲಿ ಮತ್ತೆ ಜೀವ ತಳೆದದ್ದು ಇವರ ಶಿಷ್ಯವರ್ಗದಿಂದ. ಶೂನ್ಯಸಂಪಾದನೆಯ ಕೊನೆಯ ಪರಿಷ್ಕರಣಕಾರ ಗೂಳೂರು ಸಿದ್ಧವೀರಣ್ಣೊಡೆಯ ತುಮಕೂರಿನ ಪಕ್ಕದ ಊರಿನವನು. 'ಭಾವಚಿಂತಾರತ್ನ' ಬರೆದ ಮಲ್ಲಣಾರ್ಯ ಗುಬ್ಬಿಯವನು. ಹೀಗೆ ಓದುಬರಹದ ರೂಢಿ ಈ ಮೂರು ಊರುಗಳ ನಡುವೆ ಆಗಲೇ ಇತ್ತು. ಆದರೆ ಅದು ಮಠದ ಶಿಷ್ಯರಿಗೆ, ವಿರಕ್ತರಿಗೆ ದಕ್ಕಿದ ಓದು. ಉಳುವವನ ಮಗನಿಗೆ ದಕ್ಕಲು ಇನ್ನೂ ನಾಲ್ಕು ಶತಮಾನ ಹಿಡಿಯಿತು.

ಬಂದವರಿಗೆಲ್ಲ ಊಟವೆಂಬ ಪದ್ಧತಿಯನ್ನು ಗಟ್ಟಿಗೊಳಿಸಿದವರು ಮಠದ ಹಿಂದಿನ ಗುರುಗಳಾದ ಅಟವಿ ಸ್ವಾಮಿಗಳು. ಅಂದು ಹೊತ್ತಿಸಿದ ಒಲೆ ಇಂದಿಗೂ ಆರಿಲ್ಲವೆಂಬುದು ಭಕ್ತರ ನಂಬಿಕೆ. 1901ರಲ್ಲಿ ಪೀಠಕ್ಕೆ ಬಂದ ಉದ್ದಾನ ಶಿವಯೋಗಿಗಳು 1917ರಲ್ಲಿ ಸಿದ್ಧಲಿಂಗೇಶ್ವರ ಸಂಸ್ಕೃತ ಪಾಠಶಾಲೆ ತೆರೆದರು. ಆ ಕಾಲದ ಮೈಸೂರು ಸಂಸ್ಥಾನದಲ್ಲಿ ಸಂಸ್ಕೃತ ಕಲಿಕೆ ಹೆಚ್ಚಾಗಿ ಬ್ರಾಹ್ಮಣರ ಸೊತ್ತು. ಹಿಂದುಳಿದವರ ಸ್ಥಿತಿ ಪರಿಶೀಲಿಸಲು ಸರ್ಕಾರ ಮಿಲ್ಲರ್ ಸಮಿತಿ ನೇಮಿಸಿದ್ದೇ 1918ರಲ್ಲಿ, ಅಂದರೆ ಪಾಠಶಾಲೆ ಶುರುವಾದ ಮರುವರ್ಷ.

ಆಗ ಹೈಸ್ಕೂಲು ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಒಕ್ಕಲು ಮಗನಿಗೆ, ಕುರುಬರ ಹುಡುಗನಿಗೆ, ದಲಿತರ ಹುಡುಗನಿಗೆ ಪೇಟೆಯಲ್ಲಿ ಯಾರೂ ಎಲೆ ಹಾಕುತ್ತಿರಲಿಲ್ಲ. ಹೊಟ್ಟೆಗೆ ದಾರಿಯಿಲ್ಲದೆ ಲೋಯರ್ ಸೆಕೆಂಡರಿಗೇ ಓದು ಬಿಟ್ಟವರು ಎಷ್ಟೋ ಮಂದಿ. ಮಠದ ವಿದ್ಯಾರ್ಥಿನಿಲಯ ತುಂಬಿದ್ದು ಈ ಕೊರತೆಯನ್ನು. ಊಟ ಮಾಡಿ ತುಮಕೂರಿನ ಶಾಲೆಗೆ ಹೋಗಿಬರುವ ಹುಡುಗರೂ ಅಲ್ಲಿದ್ದರು.

ಅಂಥ ಹುಡುಗರಲ್ಲಿ ಒಬ್ಬರು ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ. 1907ರ ಏಪ್ರಿಲ್ 1ರಂದು ಹುಟ್ಟಿ, ನಾಗವಲ್ಲಿಯಲ್ಲಿ ಓದಿ, ಹೈಸ್ಕೂಲಿಗೆಂದು ತುಮಕೂರಿಗೆ ಬಂದರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ಪೀಠದ ಉತ್ತರಾಧಿಕಾರಿಯಾಗಿದ್ದ ಮರುಳಾರಾಧ್ಯರು ತೀರಿಕೊಂಡಾಗ ಉದ್ದಾನ ಶಿವಯೋಗಿಗಳ ಕಣ್ಣು ಬಿದ್ದದ್ದು ಇವರ ಮೇಲೆ. 1930ರ ಮಾರ್ಚ್ 3ರಂದು ಸನ್ಯಾಸ ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದರು; 1941ರಲ್ಲಿ ಮಠದ ಹೊಣೆ ಪೂರ್ತಿಯಾಗಿ ಹೆಗಲಿಗೆ ಬಂತು. ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ಸುತ್ತಿ ಧಾನ್ಯ ತಂದರು. ಸಂಸ್ಕೃತವನ್ನೂ ಇಂಗ್ಲಿಷನ್ನೂ ತಾವೇ ಕೂತು ಪಾಠ ಹೇಳಿದರು. ಕೆಲವು ನೂರರಲ್ಲಿದ್ದ ಮಕ್ಕಳ ಸಂಖ್ಯೆ ಅವರ ಕಾಲದಲ್ಲಿ ಹತ್ತು ಸಾವಿರದ ಆಸುಪಾಸಿಗೆ ಬಂತು.

ದಿನಚರಿ ಅಂದಿನಿಂದ ಹೆಚ್ಚು ಬದಲಾಗಿಲ್ಲ. ಹೊಸದಾಗಿ ಸೇರುವ ಹುಡುಗ ಟ್ರಂಕು, ಹಾಸಿಗೆ, ತಟ್ಟೆ, ಲೋಟ ಹೊತ್ತು ಬರುತ್ತಾನೆ. ಬೆಳಗಿನ ಜಾವ ಐದರ ಹೊತ್ತಿಗೆ ಎದ್ದು, ಸ್ನಾನ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಬಯಲಿನಲ್ಲಿ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂರಬೇಕು. ಸಾಮೂಹಿಕ ಪ್ರಾರ್ಥನೆ, ವಚನ, ನಂತರ ತಿಂಡಿ, ಶಾಲೆ. ಸರ್ಕಾರದ ಪಠ್ಯಕ್ರಮದ ಶಾಲೆಯೂ ಉಂಟು. ಪ್ರಥಮಾ, ಕಾವ್ಯ, ಸಾಹಿತ್ಯ, ವಿದ್ವತ್ ಎಂದು ಏರುತ್ತ ಹೋಗುವ ಸಂಸ್ಕೃತ ಪಾಠಶಾಲೆಯೂ ಉಂಟು. ಸಂಜೆ ಮತ್ತೆ ಪ್ರಾರ್ಥನೆ. ಬಟ್ಟೆ ಒಗೆದುಕೊಳ್ಳುವುದು, ತಟ್ಟೆ ತೊಳೆಯುವುದು, ಕೋಣೆ ಗುಡಿಸುವುದು ಹುಡುಗರದೇ ಕೆಲಸ. ದೊಡ್ಡವರು ಚಿಕ್ಕವರಿಗೆ ಬಡಿಸುತ್ತಾರೆ. ಮನೆ ನೆನೆದು ಅಳುವ ಆರು ವರ್ಷದ ಮಗುವಿಗೆ ಒಗೆಯುವುದನ್ನು ಹೇಳಿಕೊಡುವವನು ಮೇಷ್ಟರಲ್ಲ, ಪಕ್ಕದ ಟ್ರಂಕಿನ ಹುಡುಗ.

ಊಟ ಬಯಲುಸೀಮೆಯದು: ರಾಗಿ ಮುದ್ದೆ, ಸಾರು, ಅನ್ನ, ಮಜ್ಜಿಗೆ. ಸಾರು ಕುದಿಯುವುದು ಆಳುದ್ದದ ಕೊಪ್ಪರಿಗೆಗಳಲ್ಲಿ. ಸುಗ್ಗಿ ಮುಗಿದ ಮೇಲೆ ಸುತ್ತಲ ಹಳ್ಳಿಗಳಿಂದ ರಾಗಿ, ಭತ್ತ, ಬೇಳೆ, ಹುಣಿಸೆಹಣ್ಣು ಬರುತ್ತದೆ. ಗುಬ್ಬಿ, ತಿಪಟೂರು ಕಡೆಯ ತೋಟಗಳಿಂದ ತೆಂಗಿನಕಾಯಿ. ಸರ್ಕಾರದ ಧಾನ್ಯದ ನೆರವು ಆಮೇಲಿನದು. ಮಠಕ್ಕೆ ರಾಗಿ ಮೂಟೆ ಹಾಕುವ ರೈತನ ಮಗನೂ ಅದೇ ಪಂಕ್ತಿಯಲ್ಲಿ ಕೂತಿರುವುದುಂಟು. ಹಾಗಾಗಿ ದಾನ ಕೊಟ್ಟವನಾರು, ಉಂಡವನಾರು ಎಂಬ ಲೆಕ್ಕ ಇಲ್ಲಿ ಸುಲಭಕ್ಕೆ ಹತ್ತುವುದಿಲ್ಲ. ಮಠದ ಹೆಬ್ಬಾಗಿಲಿನಿಂದ ಆಚೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನಾಡಿಗೇ ಹೆಸರಾಗಿದೆ; ಒಳಗಿನ ಹುಡುಗರಿಗೆ ಅದು ಅಪ್ಪ ನೋಡಲು ಬಂದ ದಿನ ಮಾತ್ರ.

ಶಿವರಾತ್ರಿಯ ಜಾತ್ರೆ ಮಠದ ದೊಡ್ಡ ಹಬ್ಬ. ದನಗಳ ಜಾತ್ರೆ, ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ, ನಾಟಕ ಎಲ್ಲವೂ ಆಗ ಒಟ್ಟಿಗೆ ಸೇರುತ್ತವೆ. ನಾಟಕದ ನಂಟು ಈ ಜಿಲ್ಲೆಗೆ ಹೊಸದಲ್ಲ. ಗುಬ್ಬಿ ಕಂಪನಿ ಎಂದೇ ಹೆಸರಾದ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಬಸವಣ್ಣನ ಬದುಕನ್ನು ರಂಗಕ್ಕೆ ತರುವ 'ಜಗಜ್ಯೋತಿ ಬಸವೇಶ್ವರ' ನಾಟಕ ಮಠದ ತಂಡದ್ದು.

ಧಾರ್ಮಿಕ ಸಮುದಾಯವೊಂದು ತನ್ನ ಮಕ್ಕಳಿಗೆಂದು ಶಾಲೆ ತೆರೆದು, ಪ್ರಾರ್ಥನೆ, ಊಟ, ಪಾಠಗಳನ್ನು ಒಂದೇ ದಿನಚರಿಯಲ್ಲಿ ಹೆಣೆಯುವುದು ಲೋಕದ ಬೇರೆ ಕಡೆಗಳಲ್ಲೂ ಉಂಟು. ಯಹೂದಿಗಳ ಶಾಲೆಗಳು ಇದಕ್ಕೆ ಒಳ್ಳೆಯ ಹೋಲಿಕೆ: ಅಲ್ಲಿ ಹೀಬ್ರೂ ಮತ್ತು ತೋರಾ ಒಂದು ಕಡೆ, ಗಣಿತ, ವಿಜ್ಞಾನ ಇನ್ನೊಂದು ಕಡೆ, ಊಟಕ್ಕೆ ಮುಂಚೆಯೂ ಆಮೇಲೆಯೂ ಪ್ರಾರ್ಥನೆ. ಕರ್ನಾಟಕದ ಮಕ್ಕಳು ಕಂಡ ಶಾಲೆಗಳಲ್ಲ ಅವು, ಆದರೆ ಮುಂಬೈಯಲ್ಲಿ ಬೆನೆ ಇಸ್ರೇಲ್ ಯಹೂದಿ ಸಮುದಾಯ 1875ರಲ್ಲಿ ಶಾಲೆ ಕಟ್ಟಿತು. ಕಲ್ಕತ್ತೆಯ ಯಹೂದಿ ಬಾಲಕಿಯರ ಶಾಲೆ 1881ರದು. ಯಹೂದಿಗಳು ವಲಸೆ ಹೋದ ಮೇಲೂ ಕಲ್ಕತ್ತೆಯ ಶಾಲೆ ಮುಚ್ಚಲಿಲ್ಲ. ಈಗ ಅಲ್ಲಿ ಓದುವವರು ಬಹುಪಾಲು ಮುಸ್ಲಿಂ ಹೆಣ್ಣುಮಕ್ಕಳು. ಮಕ್ಕಳು ಮನೆಯವರಾಗಿರಲಿ ನೆರೆಯವರಾಗಿರಲಿ, ಶಾಲೆ ಶಾಲೆಯೇ ಎಂಬ ಈ ಔದಾರ್ಯ ಕಲ್ಕತ್ತೆಗೆ ಬಂದದ್ದು ಸಮುದಾಯ ಕರಗಿದ್ದರಿಂದ. ಸಿದ್ಧಗಂಗೆಯಲ್ಲಿ ಸಮುದಾಯ ತುಂಬಿ ತುಳುಕುತ್ತಿದ್ದಾಗಲೇ ಬಾಗಿಲು ತೆರೆದಿತ್ತು, ಮುಸ್ಲಿಂ ಹುಡುಗರೂ ಸಂಸ್ಕೃತ ಕಲಿತು ಹೋದರು. ಇದನ್ನು ಸಣ್ಣ ವ್ಯತ್ಯಾಸವೆನ್ನಲಾಗದು.

1963ರಲ್ಲಿ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜು ಬಂತು. ಮಠದ ಶಿಕ್ಷಣ ಸಂಸ್ಥೆಗಳ ಸಂಖ್ಯೆ ನೂರು ದಾಟಿತು. ಇದೇ ಜಿಲ್ಲೆಯಲ್ಲಿ ದಲಿತ ಸಮುದಾಯದಿಂದ ಬಂದ ಎಚ್.ಎಂ. ಗಂಗಾಧರಯ್ಯ 1959ರಲ್ಲಿ ಸಿದ್ಧಾರ್ಥ ಶಿಕ್ಷಣ ಸಂಸ್ಥೆ ಕಟ್ಟಿದರು. ಸುತ್ತೂರು ಮಠ ಮೈಸೂರು ಸೀಮೆಯಲ್ಲಿ ಇಂಥದೇ ವಿದ್ಯಾರ್ಥಿನಿಲಯಗಳನ್ನು ನಡೆಸಿತು. ಸ್ವಾತಂತ್ರ್ಯಾನಂತರ ಕರ್ನಾಟಕದ ಹಳ್ಳಿಗಳಿಂದ ಮೇಲೆ ಬಂದ ಮೊದಲ ತಲೆಮಾರಿನ ಮೇಷ್ಟರು, ಗುಮಾಸ್ತರು, ಎಂಜಿನಿಯರುಗಳ ಹಿಂದೆ ಇಂಥ ಒಂದಲ್ಲ ಒಂದು ಹಾಸ್ಟೆಲ್ಲಿನ ಅನ್ನವಿದೆ.

ಶಿವಕುಮಾರ ಸ್ವಾಮಿಗಳಿಗೆ 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಸಂದವು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಸುದ್ದಿ ಹೊರಗೆ ಬಿಡಲಿಲ್ಲ. ಅದು ಅವರದೇ ಇಚ್ಛೆಯಾಗಿತ್ತೆಂದು ಮಠದವರು ತಿಳಿಸಿದರು. ಆ ದಿನವನ್ನು ರಾಜ್ಯದಲ್ಲಿ ದಾಸೋಹ ದಿನವೆಂದು ಆಚರಿಸಲಾಗುತ್ತಿದೆ. 1988ರಲ್ಲಿ ಉತ್ತರಾಧಿಕಾರಿಯಾಗಿ ಆಯ್ಕೆಯಾದ ಸಿದ್ಧಲಿಂಗ ಸ್ವಾಮಿಗಳು ಈಗಿನ ಮಠಾಧ್ಯಕ್ಷರು.

ಕೊರತೆಯೊಂದನ್ನು ಇಲ್ಲಿ ಹೇಳದೆ ಬಿಡಲಾಗದು. ಬೆಟ್ಟದ ಬುಡದ ಈ ವಸತಿ ವ್ಯವಸ್ಥೆ ಬೆಳೆದದ್ದು ಗಂಡುಮಕ್ಕಳಿಗಾಗಿ. ಅಕ್ಕಮಹಾದೇವಿಯ ವಚನ ಹೇಳುತ್ತ ಬೆಳೆದ ಪಂಕ್ತಿಯಲ್ಲಿ ಅಕ್ಕತಂಗಿಯರಿಗೆ ಎಲೆ ಬೀಳಲಿಲ್ಲ. ಮಠದ ಹೊರಗಿನ ಶಾಲಾಕಾಲೇಜುಗಳಲ್ಲಿ ಹುಡುಗಿಯರು ಓದಿದ್ದಾರೆ, ಓದುತ್ತಿದ್ದಾರೆ. ಆದರೂ ಊಟ, ವಸತಿ, ವಿದ್ಯೆ ಮೂರೂ ಒಟ್ಟಿಗೆ ದಕ್ಕಿದ್ದು ಅವರ ಅಣ್ಣತಮ್ಮಂದಿರಿಗೆ.