ಸ್ಪಿನ್-ಆಫ್ ಕಂಪನಿಗಳು: ನೂತನ ತಂತ್ರಜ್ಞಾನವು ಮಾರುಕಟ್ಟೆ ತಲುಪಲು ನೆರವಾಗುವ ಅಂಶಗಳು

ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ತಂತ್ರಜ್ಞಾನವನ್ನು ವಾಣಿಜ್ಯ ಬಳಕೆಗೆ ತರಲು ಅಲ್ಲಿನ ಪ್ರಾಧ್ಯಾಪಕರು, ವಿಜ್ಞಾನಿಗಳು ಅಥವಾ ವಿದ್ಯಾರ್ಥಿಗಳು ಪ್ರತ್ಯೇಕವಾಗಿ ಸ್ಥಾಪಿಸುವ ಕಂಪನಿಯನ್ನು ಸ್ಪಿನ್-ಆಫ್ ಕಂಪನಿ ಎನ್ನಲಾಗುತ್ತದೆ. ಇಂತಹ ಕಂಪನಿ ಆರಂಭಿಸಲು ಇಚ್ಛಿಸುವವರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ.

ಎರಡು ನಿದರ್ಶನಗಳು

ಮಲ್ಲೇಶ್ವರಂ ಪ್ರದೇಶಕ್ಕೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ವಿಜ್ಞಾನ ಪ್ರಾಧ್ಯಾಪಕರು 2000ದಲ್ಲಿ ಸ್ಟ್ರಾಂಡ್ ಜೀನೋಮಿಕ್ಸ್ ಕಂಪನಿಯನ್ನೂ 2001ರಲ್ಲಿ ಪಿಕೋಪೀಟಾ ಸಿಂಪ್ಯೂಟರ್ಸ್ ಕಂಪನಿಯನ್ನೂ ಸ್ಥಾಪಿಸಿದರು. ಪ್ರೊ. ವಿಜಯ್ ಚಂದ್ರು, ಪ್ರೊ. ಸ್ವಾಮಿ ಮನೋಹರ್ ಮೊದಲಾದವರು ಎರಡರಲ್ಲಿಯೂ ಪಾತ್ರ ವಹಿಸಿದ್ದರು. ಜನಸಾಮಾನ್ಯರಿಗಾಗಿ ರೂಪಿಸಿದ ಕೈಗಣಕ ಸಿಂಪ್ಯೂಟರ್, ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 2004ರಲ್ಲಿ 'ಅಮಿಡಾ' ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ವಿನ್ಯಾಸಕ್ಕೆ ಪ್ರಶಂಸೆ ದೊರೆತರೂ ನಿರೀಕ್ಷಿತ ಮಾರಾಟವಾಗಲಿಲ್ಲ. ಅಷ್ಟರಲ್ಲಿ ಮೊಬೈಲ್ ದೂರವಾಣಿ ಅಗ್ಗವಾಗುತ್ತಿತ್ತು. ವಂಶವಾಹಿ ಮಾಹಿತಿ ವಿಶ್ಲೇಷಣೆಯ ತಂತ್ರಾಂಶ ರೂಪಿಸಿದ ಸ್ಟ್ರಾಂಡ್, ಅಜಿಲೆಂಟ್ ಕಂಪನಿಯ ಸಹಯೋಗದಿಂದ ವಿದೇಶಿ ಪ್ರಯೋಗಾಲಯಗಳನ್ನು ತಲುಪಿತು. 2021ರಲ್ಲಿ ರಿಲಯನ್ಸ್ ಸಮೂಹವು ಅದರ ಬಹುಪಾಲು ಷೇರುಗಳನ್ನು ಖರೀದಿಸಿತು. ತಂತ್ರಜ್ಞಾನ ಉತ್ತಮವಾಗಿದ್ದರಷ್ಟೇ ಸಾಲದು, ಕೊಳ್ಳುವವರು ಯಾರೆಂಬುದೂ ನಿಶ್ಚಿತವಾಗಿರಬೇಕು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ನೆರವಾಗುವ ಅಂಶಗಳು

1. ಹಕ್ಕಿನ ಸ್ಪಷ್ಟತೆ: ಆವಿಷ್ಕಾರದ ಹಕ್ಕು ಸಾಮಾನ್ಯವಾಗಿ ಮಾತೃಸಂಸ್ಥೆಗೆ ಸೇರಿರುತ್ತದೆ. ಆದ್ದರಿಂದ ಬಳಕೆಯ ಪರವಾನಗಿಯನ್ನು ಲಿಖಿತವಾಗಿ ಪಡೆಯತಕ್ಕದ್ದು.

2. ಪೇಟೆಂಟ್: ಸಂಶೋಧನಾ ಪ್ರಬಂಧವನ್ನು ಪ್ರಕಟಿಸುವ ಮುನ್ನವೇ ಅರ್ಜಿ ಸಲ್ಲಿಸತಕ್ಕದ್ದು. ಮೊದಲೇ ಪ್ರಕಟವಾದಲ್ಲಿ ಆವಿಷ್ಕಾರದ ನವೀನತೆಗೆ ಧಕ್ಕೆಯಾಗಿ ಪೇಟೆಂಟ್ ಕೈತಪ್ಪಬಹುದು. ಕರ್ನಾಟಕವು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಯಲ್ಲಿದೆ. ಪೇಟೆಂಟ್ ಅವಧಿಯು ಅರ್ಜಿ ಸಲ್ಲಿಸಿದ ದಿನಾಂಕದಿಂದ 20 ವರ್ಷಗಳು.

3. ಮೊದಲ ಗ್ರಾಹಕ: ಉತ್ಪನ್ನ ಪೂರ್ಣಗೊಳ್ಳುವ ಮೊದಲೇ ಅದನ್ನು ಪರೀಕ್ಷಿಸಿ, ಹಣ ನೀಡಿ ಕೊಳ್ಳಲು ಸಿದ್ಧರಿರುವ ಆಸ್ಪತ್ರೆ, ಕಾರ್ಖಾನೆ ಅಥವಾ ಇಲಾಖೆಯನ್ನು ಗುರುತಿಸುವುದು.

4. ಮಾರಾಟ ಜಾಲ: ಸ್ವಂತ ಜಾಲವಿಲ್ಲದ ಕಂಪನಿಯು ಈಗಾಗಲೇ ಮಾರುಕಟ್ಟೆಯಲ್ಲಿ ನೆಲೆಯೂರಿರುವ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಳ್ಳುವುದು.

5. ಆರಂಭಿಕ ಬಂಡವಾಳ: ಪ್ರಯೋಗಾಲಯದ ಮಾದರಿಯು ಮಾರಾಟಯೋಗ್ಯ ಉತ್ಪನ್ನವಾಗುವವರೆಗಿನ ವೆಚ್ಚಕ್ಕೆ ಬ್ಯಾಂಕ್ ಸಾಲ ದೊರೆಯುವುದು ಕಷ್ಟ. ಜೈವಿಕ ತಂತ್ರಜ್ಞಾನ ಕ್ಷೇತ್ರದಲ್ಲಿ, 2012ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯು ಈ ಹಂತಕ್ಕೆ ಅನುದಾನ ನೀಡುತ್ತದೆ.

6. ಆಡಳಿತ: ಲೆಕ್ಕಪತ್ರ, ಮಾರಾಟ ಮತ್ತು ಒಪ್ಪಂದಗಳನ್ನು ಪೂರ್ಣಾವಧಿಯಲ್ಲಿ ನೋಡಿಕೊಳ್ಳುವ ಅನುಭವಿಗಳ ನೇಮಕ.

ಅರ್ಜಿದಾರರ ಗಮನಕ್ಕೆ

ಯಾವುದೇ ನೆರವಿಗೆ ಅರ್ಜಿ ಸಲ್ಲಿಸುವ ಮುನ್ನ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿದ್ಧಪಡಿಸಿಕೊಳ್ಳುವುದು ಸೂಕ್ತ: ತಂತ್ರಜ್ಞಾನದ ಹಕ್ಕು ಯಾರದು? ಮೊದಲು ಕೊಳ್ಳುವವರು ಯಾರು? ಮೊದಲ ಮಾರಾಟದವರೆಗಿನ ವೆಚ್ಚ ಎಷ್ಟು?