ಬಿಸಿಲನ್ನು ಮೇಯ್ದ ಬೇಲಿ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಮಾತು ನಮ್ಮಲ್ಲಿ ಹಳೆಯದು. ಹೊಲವನ್ನಲ್ಲ, ನೆರೆಮನೆಯ ಬಿಸಿಲನ್ನೇ ಮೇಯ್ದ ಬೇಲಿಯೊಂದು ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿತ್ತು. ಮನೆಯ ಬೇಲಿ ಎಷ್ಟು ಅಡಿ ಏಳಬಹುದೆಂದು ಗೊತ್ತುಮಾಡುವ ಅಲ್ಲಿನ ನಿಯಮಗಳ ಇತಿಹಾಸವನ್ನು ಅರಿಯಲು ಈ ಬೇಲಿಯ ಕಥೆ ನೆರವಾಗುತ್ತದೆ.

ಬೇಲಿಯ ಎತ್ತರವನ್ನು ಶಾಸ್ತ್ರ ವಿಧಿಸುವುದು ಹೊಸದೇನಲ್ಲ. ಊರಂಚಿನ ಗೋಮಾಳದಲ್ಲಿ ಬೆಳೆಯಿಟ್ಟವನು ಒಂಟೆ ಇಣುಕಿ ನೋಡಲಾರದಷ್ಟು ಎತ್ತರಕ್ಕೆ ಬೇಲಿ ಕಟ್ಟಬೇಕು, ನಾಯಿ ಹಂದಿಗಳ ಮೂತಿ ತೂರುವ ಕಂಡಿಗಳನ್ನು ಮುಚ್ಚಬೇಕು ಎನ್ನುತ್ತದೆ ಮನುಸ್ಮೃತಿಯ ಎಂಟನೆಯ ಅಧ್ಯಾಯ. ಅಲ್ಲಿ ಕೇಳಿದ್ದು ಸಾಕಷ್ಟು ಎತ್ತರವನ್ನು. ಎತ್ತರಕ್ಕೆ ಮಿತಿ ಬೇಕೆಂಬ ಯೋಚನೆ ಬೇಲಿಯಾಚೆ ದನಕರುಗಳಿಗೆ ಬದಲು ನೆರೆಮನೆಯವನು ನಿಂತಾಗ ಹುಟ್ಟುವಂಥದು.

ಚಾರ್ಲ್ಸ್ ಕ್ರಾಕರ್ 1869ರಲ್ಲಿ ಪೂರ್ಣಗೊಂಡ ಖಂಡಾಂತರ ರೈಲುಹಾದಿಯ ಪಶ್ಚಿಮ ಭಾಗವನ್ನು ಕಟ್ಟಿಸಿದ ನಾಲ್ವರು ಧನಿಕರಲ್ಲಿ ಒಬ್ಬ. ನಾಬ್ ಹಿಲ್ ಎಂಬ ಗುಡ್ಡದ ಮೇಲೆ ಮಹಲು ಕಟ್ಟಲೆಂದು ಅವನು ಒಂದಿಡೀ ಚೌಕದ ನಿವೇಶನಗಳನ್ನು ಕೊಳ್ಳತೊಡಗಿದ. ಶವಸಂಸ್ಕಾರದ ಏರ್ಪಾಟು ಮಾಡುವ ವೃತ್ತಿಯ ನಿಕೊಲಾಸ್ ಯುಂಗ್ ಮಾತ್ರ ಮಾರಲೊಲ್ಲದೆ ಹೋದ. ಕ್ರಾಕರ್ ಅವನ ಮನೆಯ ಮೂರು ಕಡೆಗೂ ಸುಮಾರು 40 ಅಡಿ ಎತ್ತರದ ಮರದ ಬೇಲಿ ಎಬ್ಬಿಸಿದ. ನಿಂತದ್ದು ತನ್ನ ನೆಲದಲ್ಲೇ ಆದ್ದರಿಂದ ಬೇಲಿಗೆ ಅಡ್ಡಿಯಾಗಲಿಲ್ಲ.

1877ರಲ್ಲಿ ಡೆನಿಸ್ ಕರ್ನಿ ಎಂಬ ಮುಂದಾಳು ಕಾರ್ಮಿಕರನ್ನು ಗುಡ್ಡದ ಮೇಲೆ ನೆರೆಯಿಸಿ ಬೇಲಿಯನ್ನು ಕೆಡವಿಸುವುದಾಗಿ ಗುಡುಗಿದ. ಚೀನೀ ಕೂಲಿಗಾರರನ್ನು ದೇಶದಿಂದ ಅಟ್ಟಬೇಕೆಂದು ಸಾರುತ್ತಿದ್ದವನೂ ಅವನೇ. ಬೇಲಿ ಕೆಡವಹೊರಟವನ ಮನಸ್ಸಿನಲ್ಲೂ ಒಂದು ಬೇಲಿಯಿತ್ತು. ಯುಂಗ್ 1880ರಲ್ಲಿ ತೀರಿಕೊಂಡ, ಕ್ರಾಕರ್ 1888ರಲ್ಲಿ. ಬೇಲಿ ಮಾತ್ರ ಇಬ್ಬರಿಗಿಂತ ಹೆಚ್ಚು ಬಾಳಿತು. ಯುಂಗನ ವಾರಸುದಾರರು ನೆಲ ಮಾರಿದ್ದು 1904ರಲ್ಲಿ. ಎರಡೇ ವರ್ಷಗಳಲ್ಲಿ, ಭೂಕಂಪದ ಬೆನ್ನಿಗೆ ಬಂದ ಬೆಂಕಿಗೆ ಕ್ರಾಕರನ ಮಹಲು ಆಹುತಿಯಾಯಿತು.

ಇಂಥ ಹಗೆಯ ಬೇಲಿಗಳು ಬೇರೆಡೆಯೂ ಇದ್ದವು. ಮ್ಯಾಸಚೂಸೆಟ್ಸ್ ರಾಜ್ಯವು 1887ರಲ್ಲಿ, ನೆರೆಯವರನ್ನು ಪೀಡಿಸಲೆಂದೇ ಅನಗತ್ಯವಾಗಿ 6 ಅಡಿ ಮೀರಿ ಕಟ್ಟಿದ ಬೇಲಿಯನ್ನು ಉಪದ್ರವವೆಂದು ಸಾರಿತು. 1889ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಈ ಶಾಸನವನ್ನು ಎತ್ತಿಹಿಡಿದರು. ಆದರೆ ಹಗೆತನ ಹಲವು ಕಾರಣಗಳಲ್ಲಿ ಒಂದಾಗಿದ್ದರೆ ಸಾಲದು, ಅದೇ ಮುಖ್ಯ ಪ್ರೇರಣೆಯಾಗಿರಬೇಕು ಎಂದರು. ಕ್ಯಾಲಿಫೋರ್ನಿಯ 1913ರಲ್ಲಿ 10 ಅಡಿಯ ಮಿತಿಯಿಟ್ಟು ಇಂಥದೇ ಶಾಸನ ಮಾಡಿತು. ಈ ಕಾನೂನುಗಳು ಬೇಲಿಯ ಜೊತೆಗೆ ಕಟ್ಟಿದವನ ಅಂತರಂಗವನ್ನೂ ಅಳೆಯಹೊರಟವು. ಅಂತರಂಗಕ್ಕೆ ಸಾಕ್ಷಿ ತರುವುದು ಸುಲಭವೇ?

ನಗರವನ್ನು ವಲಯಗಳಾಗಿ ವಿಂಗಡಿಸುವ ಪದ್ಧತಿ 1916ರಲ್ಲಿ ನ್ಯೂಯಾರ್ಕಿನಲ್ಲಿ ಜಾರಿಗೆ ಬಂತು. 1926ರಲ್ಲಿ ಸುಪ್ರೀಂ ಕೋರ್ಟು ಅಂಥ ನಿಯಮಗಳಿಗೆ ಸಮ್ಮತಿಯಿತ್ತಿತು. ಇಂದು ಅಲ್ಲಿನ ಅನೇಕ ಊರುಗಳಲ್ಲಿ ಮನೆಯ ಮುಂದೆ ಮೂರು ನಾಲ್ಕು ಅಡಿ, ಹಿತ್ತಿಲಲ್ಲಿ ಆರಡಿ ಬೇಲಿಯ ಮಿತಿ. ಗಾಳಿ ಬೆಳಕು ಆಡಬೇಕು, ಬೀದಿಯ ಮೂಲೆಯಲ್ಲಿ ವಾಹನ ನಡೆಸುವವರ ಕಣ್ಣಿಗೆ ಮರೆಯಾಗಬಾರದು ಎಂಬುದು ಆಧಾರ. ಏಕೆ ಕಟ್ಟಿದೆ ಎಂದು ಈ ನಿಯಮ ಕೇಳುವುದಿಲ್ಲ.

ಇದು ಒಣ ನ್ಯಾಯವೆನ್ನಿಸಬಹುದು. ಮಗುವಿನ ಸುರಕ್ಷತೆಗೆಂದು ಒಂದಡಿ ಏರಿಸಿದವನೂ ಹಗೆಯಿಂದ ಏರಿಸಿದವನೂ ಅದರ ಮುಂದೆ ಸಮಾನರು. ಆದರೂ ದುರ್ಬಲನು ಬಲಿಷ್ಠನ ಹೃದಯವನ್ನು ಬಗೆದು ತೋರಿಸಬೇಕಾಗಿಲ್ಲ. ಅಳತೆಗೋಲು ಹಿಡಿದು ನಿಂತರೆ ಸಾಕು. ಯುಂಗನಿಗೆ ಅಷ್ಟೂ ಇರಲಿಲ್ಲ.