ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ: ಕಲ್ಲಿನಲ್ಲಿ ಉಳಿದ ಇಬ್ಬರ ಹೆಸರು

ಹಾಸನದಿಂದ ಬೇಲೂರಿಗೆ ಹೋಗುವವರೆಲ್ಲ ಚನ್ನಕೇಶವನನ್ನು ನೋಡುವ ಆತುರದಲ್ಲಿರುತ್ತಾರೆ. ಅದೇ ರಸ್ತೆಯಿಂದ ಸ್ವಲ್ಪ ಒಳಗೆ ತಿರುಗಿದರೆ ದೊಡ್ಡಗದ್ದವಳ್ಳಿ. ಪಕ್ಕದಲ್ಲೇ ಕೆರೆ, ಸುತ್ತ ತೆಂಗು, ನಡುವೆ ಲಕ್ಷ್ಮೀದೇವಿಯ ಹಳೇ ಗುಡಿ. ಬೇಲೂರಿನ ದೇವಸ್ಥಾನ ಪ್ರತಿಷ್ಠೆಯಾದದ್ದು 1117ರಲ್ಲಿ. ಈ ಗುಡಿ ಅದಕ್ಕಿಂತ ಮೂರ್ನಾಲ್ಕು ವರ್ಷ ಮೊದಲೇ ಎದ್ದು ನಿಂತಿತ್ತು.

ನಾವು ಅಲ್ಲಿಗೆ ಹೋಗಿದ್ದು ಶಾಸನದ ಕಾರಣಕ್ಕೆ. ಬೇಲೂರಿನದ್ದು ರಾಜ ಕಟ್ಟಿಸಿದ ಗುಡಿ. ದೊಡ್ಡಗದ್ದವಳ್ಳಿಯದ್ದು ಹಾಗಲ್ಲ. ವಿಷ್ಣುವರ್ಧನ ಆಳುತ್ತಿದ್ದಾಗ ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಇದನ್ನು ಕಟ್ಟಿಸಿದರು ಎಂದು ಶಾಸನ ಹೇಳುತ್ತದೆ. ಊರನ್ನು ಅದು 'ಅಭಿನವ ಕೊಲ್ಲಾಪುರ' ಎಂದು ಕರೆಯುತ್ತದೆ. ಕೊಲ್ಲಾಪುರದ ಮಹಾಲಕ್ಷ್ಮಿ ಆಗಲೇ ಎಷ್ಟು ದೂರದವರೆಗೆ ಹೆಸರಾಗಿದ್ದಳು ಎಂಬುದು ಈ ಎರಡು ಪದದಲ್ಲೇ ಗೊತ್ತಾಗುತ್ತದೆ.

ಬಳಪದ ಕಲ್ಲಿನ ಈ ಗುಡಿಗೆ ನಾಲ್ಕು ಗರ್ಭಗುಡಿಗಳಿವೆ. ಹೊಯ್ಸಳರ ಕಾಲದ್ದರಲ್ಲಿ ಇಂಥದ್ದು ಅಪರೂಪ. ಒಂದರಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ಕಾಳಿ, ಮತ್ತೊಂದರಲ್ಲಿ ಶಿವಲಿಂಗ. ಕಾಳಿಯ ಬಾಗಿಲ ಎರಡೂ ಕಡೆ ಎಲುಬು ಎದ್ದು ಕಾಣುವ ಬೇತಾಳಗಳು ನಿಂತಿವೆ. ಮೇಲೆ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬ ಮಾದರಿಯ ಶಿಖರಗಳು. ಬೇಲೂರು, ಹಳೇಬೀಡಿನಷ್ಟು ಕೆತ್ತನೆ ಇಲ್ಲಿಲ್ಲ. ಹೊಯ್ಸಳ ಶಿಲ್ಪ ಬೆಳೆಯುವ ಮೊದಲು ಹೇಗಿತ್ತು ಎಂದು ನೋಡಬೇಕಾದರೆ ಇಲ್ಲಿಗೇ ಬರಬೇಕು.

ಶಾಸನ ಎಂದರೆ ಏನೋ ಗುಟ್ಟಿನ ಬರಹ, ನಿಧಿಯ ಗುರುತು ಎಂದು ಹಳ್ಳಿಗಳಲ್ಲಿ ಈಗಲೂ ನಂಬುವವರಿದ್ದಾರೆ. ಆ ಮಾತಿಗೇ ಎಷ್ಟೋ ಕಲ್ಲುಗಳ ಬುಡ ಅಗೆದಿದ್ದಾರೆ. ಆದರೆ ದಾನಶಾಸನ ಎಂಬುದು ಇವತ್ತಿನ ಪಹಣಿ, ಕ್ರಯಪತ್ರ ಇದ್ದ ಹಾಗೆ. ಆಗ ಆಳುತ್ತಿದ್ದ ರಾಜ ಯಾರು, ದಾನ ಕೊಟ್ಟವರು ಯಾರು, ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ, ಎಷ್ಟು ಬೆದ್ದಲು, ದೀಪಕ್ಕೆ ಎಷ್ಟು ಎಣ್ಣೆ ಎಂಬ ಲೆಕ್ಕ ಅದರಲ್ಲಿರುತ್ತದೆ. ಕೊನೆಗೆ ದಾನವನ್ನು ಕಿತ್ತುಕೊಂಡವರಿಗೆ ಶಾಪ. ಮೇಲೆ ಕೆತ್ತಿರುವ ಸೂರ್ಯ ಚಂದ್ರರ ಅರ್ಥವೂ ಇಷ್ಟೇ: ಅವರು ಇರುವವರೆಗೂ ಈ ದಾನ ನಡೆಯಲಿ. ಕಲ್ಲಿನಲ್ಲಿ ಶಕವರ್ಷ ಕಂಡರೆ ಅದಕ್ಕೆ 78 ಕೂಡಿಸಿ, ನಮ್ಮ ಈಗಿನ ಲೆಕ್ಕದ ವರ್ಷ ಸಿಗುತ್ತದೆ. ಶಕ 1035 ಎಂದರೆ 1113.

ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲೆವಾರು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಂದರು. ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಅದರಲ್ಲಿ ಓದು ದಾಖಲಾಗಿರುವ ಕಲ್ಲುಗಳಿಗೆ ಕಾಗದದಲ್ಲಾದರೂ ಒಂದು ಜೀವ ಇದೆ. ಯಾರೂ ಓದದ ಕಲ್ಲು ಒಡೆದರೆ ಅದರೊಳಗಿನ ಹೆಸರುಗಳೂ ಹೋದ ಹಾಗೆಯೇ.

ಒಡೆಯುವುದು ದೂರದ ಮಾತಲ್ಲ. ದೊಡ್ಡಗದ್ದವಳ್ಳಿಯ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹಾಗಿದ್ದೂ 2020ರ ನವೆಂಬರ್‌ನಲ್ಲಿ ಕಾಳಿಯ ವಿಗ್ರಹ ಒಡೆದು ಬಿದ್ದದ್ದು ಕಂಡಿತು. ಕಾವಲಿರುವ ಗುಡಿಗೇ ಹೀಗಾದರೆ ನಮ್ಮ ನಿಮ್ಮ ಊರಿನ ಮಾರಮ್ಮನ ಗುಡಿ ಮುಂದೆ, ಬೇಲಿ ಬದಿಯಲ್ಲಿ, ಬಟ್ಟೆ ಒಗೆಯುವ ಜಾಗದಲ್ಲಿ ಬಿದ್ದಿರುವ ಕಲ್ಲುಗಳಿಗೆ ಯಾರು ದಿಕ್ಕು?

ನಿಮ್ಮೂರಲ್ಲಿ ಅಕ್ಷರದ ಕಲ್ಲು ಇದ್ದರೆ ದಯವಿಟ್ಟು ಅದಕ್ಕೆ ಬಣ್ಣ, ಸುಣ್ಣ ಬಳಿಯಬೇಡಿ. ಅಕ್ಷರ ಸರಿಯಾಗಿ ಕಾಣಲಿ ಎಂದು ಮೊಳೆಯಿಂದ ಕೆರೆಯಲೂ ಬೇಡಿ. ಗುಡಿಯ ಜೀರ್ಣೋದ್ಧಾರ ಮಾಡುವಾಗ ಹಳೇ ಕಲ್ಲನ್ನು ಪಾಯಕ್ಕೆ ಹಾಕಬೇಡಿ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ. ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ. ರಾತ್ರಿಯಾದರೆ ಪಕ್ಕದಿಂದ ಟಾರ್ಚ್ ಹಿಡಿದರೆ ಸಾಕು. ಆ ಫೋಟೋವನ್ನು ಹತ್ತಿರದ ಕಾಲೇಜಿನ ಇತಿಹಾಸ ಅಥವಾ ಕನ್ನಡ ಮೇಷ್ಟ್ರಿಗೆ ತೋರಿಸಿ, ಜಿಲ್ಲೆಯ ಸಂಪುಟದಲ್ಲಿ ಇದೆಯಾ ಎಂದು ಕೇಳಿ.

ಸಹಜಾದೇವಿ ರಾಣಿಯಲ್ಲ. ಒಂಬೈನೂರು ವರ್ಷ ಕಳೆದ ಮೇಲೂ ನಾವು ಅವಳ ಹೆಸರು ಹೇಳುತ್ತಿದ್ದೇವೆ ಎಂದರೆ, ಅದು ಆ ಒಂದು ಕಲ್ಲಿನಿಂದ. ನಿಮ್ಮೂರ ಕಲ್ಲಿನಲ್ಲಿ ಯಾರ ಹೆಸರಿದೆಯೋ, ಹೋಗಿ ನೋಡಿ.